ಭಾಷಾ ಸಂದೇಹ: ‘ಗೆಟ್’ ಅಂದರೆ ಏನೇನು?

ಇಂಗ್ಲಿಷಿನ ‘ಗೆಟ್’ ಕ್ರಿಯಾಪದದ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಇಂಗ್ಲಿಷ್ ವಾಕ್ಯಗಳೆಲ್ಲ ಕನ್ನಡ ಲಿಪಿಯಲ್ಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದೇ ಕಡೆ ಉತ್ತರಿಸಿದ್ದೇವೆ.

ಪ್ರ: ನಿಘಂಟು ತೆರೆದರೆ ‘ಗೆಟ್’ ಪದಕ್ಕೆ ಪುಟಗಟ್ಟಲೆ ಅರ್ಥ. ಎಲ್ಲವನ್ನೂ ಬಾಯಿಪಾಠ ಮಾಡಬೇಕೆ?
— ಪಿಯುಸಿ ವಿದ್ಯಾರ್ಥಿನಿ, ಪಾಂಡವಪುರ

ಉ: ಬೇಡವೇ ಬೇಡ. ‘ಗೆಟ್’ ತಾನಾಗಿ ಹೆಚ್ಚೇನೂ ಹೇಳುವುದಿಲ್ಲ, ಅದರ ಮುಂದೆ ಕೂತ ಪದ ಅರ್ಥ ಕೊಡುತ್ತದೆ. ಹಾಗಾಗಿ ಮುಂದಿನ ಪದ ಯಾವ ಜಾತಿಯದು ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ.

‘ಶಿ ಗಾಟ್ ಎ ಲೆಟರ್’: ಮುಂದೆ ನಾಮಪದ ಇದೆ, ಅರ್ಥ ‘ಸಿಕ್ಕಿತು, ಬಂತು, ಪಡೆದಳು’. ‘ಶಿ ಗಾಟ್ ಟೈರ್ಡ್’: ಮುಂದೆ ಸ್ಥಿತಿ ಹೇಳುವ ಗುಣವಾಚಕ, ಅರ್ಥ ‘ಆದಳು’, ಅಂದರೆ ಸುಸ್ತಾದಳು. ‘ಶಿ ಗಾಟ್ ಟು ಮಂಡ್ಯ’: ಮುಂದೆ ಊರು, ಅರ್ಥ ‘ತಲುಪಿದಳು’. ‘ಶಿ ಗಾಟ್ ಟು ಸೀ ದ ಪ್ಯಾಲೇಸ್’: ಇಲ್ಲಿ ‘ಟು’ ಆದ ಮೇಲೆ ಕ್ರಿಯಾಪದ ಬಂದಿದೆ, ಅರ್ಥ ‘ಅರಮನೆ ನೋಡುವ ಅವಕಾಶ ಸಿಕ್ಕಿತು’. ‘ಶಿ ಗಾಟ್ ಕಾಟ್’: ಮುಂದೆ ಕ್ರಿಯಾಪದದ ಮೂರನೇ ರೂಪ, ಅರ್ಥ ‘ಸಿಕ್ಕಿಬಿದ್ದಳು’. ‘ಶಿ ಗಾಟ್ ದ ಗೇಟ್ ಪೇಂಟೆಡ್’: ನಡುವೆ ಒಂದು ವಸ್ತು, ಆಮೇಲೆ ಮೂರನೇ ರೂಪ, ಅರ್ಥ ‘ಬಣ್ಣ ಹೊಡೆಸಿದಳು’. ಕೊನೆಗೆ ಅಪ್, ಆಫ್, ಓವರ್, ಥ್ರೂ ಮುಂತಾದ ಪುಟ್ಟ ಪದಗಳ ಜೊತೆ ಆಗುವ ಜೋಡಿಗಳು. ಬಾಯಿಪಾಠ ಬೇಕಾಗುವುದು ಈ ಜೋಡಿಗಳಿಗೆ ಮಾತ್ರ, ಅದೂ ದಿನಬಳಕೆಯ ಹತ್ತು ಹನ್ನೆರಡಕ್ಕೆ.

ಒಂದು ಎಚ್ಚರಿಕೆ. ‘ಆಗು’ ಅರ್ಥ ಗುಣವಾಚಕ ಬಂದಾಗಷ್ಟೇ ಬರುತ್ತದೆ. ‘ನಾನು ಡಾಕ್ಟರ್ ಆಗಬೇಕು’ ಎನ್ನಲು ‘ಐ ವಾಂಟ್ ಟು ಗೆಟ್ ಎ ಡಾಕ್ಟರ್’ ಎಂದರೆ ‘ನನಗೆ ಡಾಕ್ಟರನ್ನು ಕರೆಸಬೇಕು’ ಎಂದಾಗುತ್ತದೆ! ನಾಮಪದಕ್ಕೆ ‘ಬಿಕಮ್’ ಬೇಕು. ಗುಣವಾಚಕಗಳಲ್ಲೂ ಎಲ್ಲವೂ ‘ಗೆಟ್’ ಜೊತೆ ಹೊಂದುವುದಿಲ್ಲ. ಕತ್ತಲಾಯಿತು, ಹೊತ್ತಾಯಿತು, ಒದ್ದೆಯಾಯಿತು, ತಣ್ಣಗಾಯಿತು ಎಂಬುದಕ್ಕೆಲ್ಲ ‘ಗಾಟ್ ಡಾರ್ಕ್, ಗಾಟ್ ಲೇಟ್, ಗಾಟ್ ವೆಟ್, ಗಾಟ್ ಕೋಲ್ಡ್’ ಸರಿ. ಹಾಲು ಕೆಟ್ಟರೆ ‘ದ ಮಿಲ್ಕ್ ವೆಂಟ್ ಬ್ಯಾಡ್’, ಎಲೆ ಹಳದಿಯಾದರೆ ‘ಟರ್ನ್ಡ್ ಯೆಲ್ಲೊ’.

ಪ್ರ: ಅಂಗಡಿ ಮುಂದೆ ‘ಗುಡ್ ಜ್ಯಾಗರಿ ವಿಲ್ ಗೆಟ್ ಹಿಯರ್’ ಎಂದು ಬೋರ್ಡ್ ಬರೆಸಿದ್ದೇನೆ. ಕಾಲೇಜಿಗೆ ಹೋಗುವ ಮಗಳು ತಪ್ಪು ಅನ್ನುತ್ತಾಳೆ. ‘ಇಲ್ಲಿ ಒಳ್ಳೆ ಬೆಲ್ಲ ಸಿಗುತ್ತದೆ’ ಅನ್ನುವುದಕ್ಕೆ ಬೇರೇನು ಬರೆಯಬೇಕು?
— ಬೆಲ್ಲದ ವ್ಯಾಪಾರಿ, ಮಂಡ್ಯ

ಉ: ಮಗಳ ಮಾತು ಸರಿ. ಕನ್ನಡಿಗರ ‘ಗೆಟ್’ ತಪ್ಪುಗಳಲ್ಲಿ ಅರ್ಧ ಹುಟ್ಟುವುದು ಈ ‘ಸಿಗು’ ಮೂಲದಿಂದಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಕನ್ನಡದಲ್ಲಿ ‘ಬೆಲ್ಲ ಸಿಗುತ್ತದೆ’ ಎಂದಾಗ ಬೆಲ್ಲವೇ ಕರ್ತೃ. ಪಡೆಯುವವನು ವಾಕ್ಯದಲ್ಲಿ ಇರಲೇಬೇಕೆಂದಿಲ್ಲ, ಇದ್ದರೂ ‘ನನಗೆ, ನಿಮಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತಾನೆ. ಇಂಗ್ಲಿಷಿನ ‘ಗೆಟ್’ ಇದನ್ನು ತಿರುಗಿಸಿ ಹಾಕುತ್ತದೆ. ಪಡೆಯುವ ಮನುಷ್ಯ ಮುಂದೆ, ವಸ್ತು ಹಿಂದೆ. ನಿಮ್ಮ ಬೋರ್ಡಿನಲ್ಲಿ ಬೆಲ್ಲವೇ ಏನನ್ನೋ ಪಡೆಯಲು ಹೊರಟಂತಿದೆ. ಏನನ್ನು ಎಂದು ಓದುಗ ಕಾಯುತ್ತಾನೆ, ವಾಕ್ಯ ಅಲ್ಲಿಗೇ ನಿಂತುಬಿಡುತ್ತದೆ. ಮಾತಿನಲ್ಲಾದರೆ ‘ಯು ಗೆಟ್ ಗುಡ್ ಜ್ಯಾಗರಿ ಹಿಯರ್’ ಸಾಕು. ಇಲ್ಲಿ ‘ಯು’ ಎಂದರೆ ಎದುರಿಗಿರುವ ನೀವೇ ಆಗಬೇಕಿಲ್ಲ, ಯಾರಾದರೂ ಸರಿ. ಬೋರ್ಡಿಗೆ ‘ಗುಡ್ ಜ್ಯಾಗರಿ ಸೋಲ್ಡ್ ಹಿಯರ್’ ಅಥವಾ ‘ಅವೇಲಬಲ್ ಹಿಯರ್’ ಬರೆಸಿ. ನಮ್ಮನ್ನು ಕೇಳಿದರೆ ‘ಅಚ್ಚು ಬೆಲ್ಲ, ಬಕೆಟ್ ಬೆಲ್ಲ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿದರೆ ಗಿರಾಕಿಗೆ ಇನ್ನೂ ಬೇಗ ಗೊತ್ತಾಗುತ್ತದೆ.

ಇದೇ ಗುಂಪಿಗೆ ಸೇರಿದ ಇನ್ನೊಂದು ಪ್ರಶ್ನೆ ಶ್ರೀರಂಗಪಟ್ಟಣದಿಂದ ಬಂದಿದೆ: ‘ನಾಲೆಯ ಕೊನೆಯ ಜಮೀನಿಗೆ ನೀರು ಸಿಗುತ್ತಿಲ್ಲ’ ಎಂದು ಇಂಗ್ಲಿಷ್ ಅರ್ಜಿಯಲ್ಲಿ ಬರೆಯುವುದು ಹೇಗೆ? ‘ವಾಟರ್ ಈಸ್ ನಾಟ್ ಗೆಟ್ಟಿಂಗ್’ ತಪ್ಪು. ‘ದ ಟೇಲ್-ಎಂಡ್ ಫೀಲ್ಡ್ಸ್ ಆರ್ ನಾಟ್ ಗೆಟ್ಟಿಂಗ್ ವಾಟರ್’ ಸರಿ, ಏಕೆಂದರೆ ಪಡೆಯಬೇಕಾದ ಜಮೀನು ಮುಂದಿದೆ. ನೀರನ್ನೇ ಕರ್ತೃ ಮಾಡುವ ಹಟವಿದ್ದರೆ ‘ಟು’ ಹಾಕಿ ‘ತಲುಪು’ ಅರ್ಥಕ್ಕೆ ತಿರುಗಿಸಿ: ‘ದ ವಾಟರ್ ಈಸ್ ನಾಟ್ ಗೆಟ್ಟಿಂಗ್ ಟು ದ ಟೇಲ್-ಎಂಡ್ ಫೀಲ್ಡ್ಸ್’. ಅರ್ಜಿಯಲ್ಲಿ ‘ಗೆಟ್ಟಿಂಗ್ ಟು’ ಬದಲು ‘ರೀಚಿಂಗ್’ ಇನ್ನೂ ಗಂಭೀರ.

ಮನುಷ್ಯರು ‘ಸಿಗುವುದು’ ಬೇರೆ ಕಥೆ. ‘ನಿನ್ನೆ ದೇವರಾಜ ಮಾರುಕಟ್ಟೆಯಲ್ಲಿ ರಾಜು ಸಿಕ್ಕಿದ’ ಎನ್ನಲು ‘ಐ ಗಾಟ್ ರಾಜು ಇನ್ ದ ಮಾರ್ಕೆಟ್’ ಎನ್ನಬಾರದು. ರಾಜುವನ್ನು ಕೊಂಡುಕೊಂಡು ಬಂದ ಹಾಗೋ ಹಿಡಿದು ಹಾಕಿದ ಹಾಗೋ ಕೇಳಿಸುತ್ತದೆ. ಅಕಸ್ಮಾತ್ ಸಿಕ್ಕಿದರೆ ‘ಐ ರ‍್ಯಾನ್ ಇಂಟು ರಾಜು’, ಮೊದಲೇ ಮಾತಾಡಿಕೊಂಡು ಸಿಕ್ಕಿದರೆ ‘ಐ ಮೆಟ್ ರಾಜು’. ಕಳೆದುಹೋದ ಪರ್ಸ್ ಸಿಕ್ಕಿದರೆ ‘ಐ ಫೌಂಡ್ ಮೈ ಪರ್ಸ್’. ಬೇರೆಯವರು ತಂದುಕೊಟ್ಟು ಸಿಕ್ಕಿದರೆ ‘ಐ ಗಾಟ್ ಮೈ ಪರ್ಸ್ ಬ್ಯಾಕ್’. ಆ ‘ಬ್ಯಾಕ್’ ಬಿಟ್ಟರೆ ಹೊಸ ಪರ್ಸ್ ಕೊಂಡ ಅರ್ಥ. ‘ಬಸ್ ಸಿಗಲಿಲ್ಲ’ ಎನ್ನುವುದರಲ್ಲಿ ಎರಡು ಸಂಗತಿ ಅಡಗಿವೆ. ನೀವು ಬರುವಷ್ಟರಲ್ಲಿ ಹೊರಟುಹೋಗಿದ್ದರೆ ‘ಐ ಮಿಸ್ಡ್ ದ ಬಸ್’, ಬಸ್ಸೇ ಇರಲಿಲ್ಲವೆಂದರೆ ‘ದೇರ್ ವಾಸ್ ನೊ ಬಸ್’. ತಡವಾಗಿದ್ದಕ್ಕೆ ಮೇಲಧಿಕಾರಿಗೆ ಕಾರಣ ಹೇಳುವಾಗ ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಪ್ರ: ‘ಪಂಪ್‌ಸೆಟ್ ರಿಪೇರಿ ಮಾಡಿಸಿದೆ’ ಎನ್ನಲು ‘ಐ ರಿಪೇರ್ಡ್ ದ ಪಂಪ್‌ಸೆಟ್’ ಎಂದರೆ ನಾನೇ ಬಿಚ್ಚಿ ಸರಿಮಾಡಿದ ಹಾಗಾಗುತ್ತದಂತೆ. ‘ಮಾಡಿಸು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೂ ಇಲ್ಲವೆ?
— ಕೃಷಿಕ, ಮಳವಳ್ಳಿ

ಉ: ಪದವಿಲ್ಲ, ವಾಕ್ಯದ ಅಚ್ಚು ಇದೆ. ಕನ್ನಡದಲ್ಲಿ ‘-ಇಸು’ ಅಂಟಿಸಿದರೆ ಮುಗಿಯಿತು: ಮಾಡಿಸು, ಹೊಲಿಸು, ಕಟ್ಟಿಸು, ಬರೆಸು. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲದ್ದರಿಂದ ‘ಗೆಟ್’ ಅಥವಾ ‘ಹ್ಯಾವ್’ ಆ ಕೆಲಸ ಮಾಡುತ್ತವೆ. ನಿಮ್ಮ ಪಂಪ್‌ಸೆಟ್ಟನ್ನೇ ಇಟ್ಟುಕೊಂಡು ಮೂರು ಅಚ್ಚು ನೋಡಿ.

‘ಐ ಗಾಟ್ ದ ಪಂಪ್ ರಿಪೇರ್ಡ್.’ ಮೊದಲು ‘ಗಾಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಯಾರು ಮಾಡಿದರು ಎಂಬುದು ಮುಖ್ಯವಲ್ಲ, ಕೆಲಸ ಆಯಿತು ಎಂಬುದಷ್ಟೇ ಮುಖ್ಯ.

‘ಐ ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ದ ಪಂಪ್.’ ಇಲ್ಲಿ ಮಾಡಿದವನ ಹೆಸರು ಬಂತು, ಅವನ ಬೆನ್ನಿಗೇ ‘ಟು’ ಮತ್ತು ಕ್ರಿಯಾಪದದ ಮೊದಲ ರೂಪ. ಒಂದಿಷ್ಟು ಹೇಳಿ ಕೇಳಿ, ಒಪ್ಪಿಸಿ ಮಾಡಿಸಿದ ಧ್ವನಿ ಈ ವಾಕ್ಯಕ್ಕಿದೆ.

‘ಐ ಗಾಟ್ ದ ಪಂಪ್ ರನ್ನಿಂಗ್.’ ನಿಂತಿದ್ದು ಓಡತೊಡಗಿತು. ಕೊನೆಯ ಪದ ‘-ಇಂಗ್’ ರೂಪದಲ್ಲಿದ್ದರೆ ಚಾಲೂ ಮಾಡಿದ ಅರ್ಥ. ಇದನ್ನು ನೀವೇ ಮಾಡಿರಬಹುದು, ಬೇರೆಯವರಿಂದ ಮಾಡಿಸಿರಲೂಬಹುದು.

ತಪ್ಪಾಗುವುದು ಎಲ್ಲಿ? ಮುಖ್ಯವಾಗಿ ಪದಗಳ ಸ್ಥಾನದಲ್ಲಿ. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕೂದಲು ಕತ್ತರಿಸಿಕೊಂಡು ಬಂದೆ, ಅಂದರೆ ಸಲೂನಿನಲ್ಲಿ. ಅವೇ ಪದಗಳನ್ನು ಅದಲುಬದಲು ಮಾಡಿ ‘ಐ ಹ್ಯಾಡ್ ಕಟ್ ಮೈ ಹೇರ್’ ಎಂದರೆ ಅಷ್ಟರೊಳಗೆ ನಾನೇ ಕತ್ತರಿ ಹಿಡಿದು ಕತ್ತರಿಸಿಕೊಂಡಿದ್ದೆ ಎಂದರ್ಥ. ‘ಗೆಟ್’ ಜೊತೆಯೂ ವಸ್ತು ನಡುವೆಯೇ ಇರಬೇಕು. ‘ಐ ಗಾಟ್ ಸ್ಟಿಚ್ಡ್ ಎ ಬ್ಲೌಸ್’ ಸಲ್ಲದು, ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’ ಸರಿ.

ಇನ್ನೊಂದು ತಪ್ಪು ‘ಟು’ ಎಂಬುದರದ್ದು. ‘ಗೆಟ್’ ಜೊತೆ ‘ಟು’ ಬೇಕೇಬೇಕು, ‘ಮೇಕ್’ ಮತ್ತು ‘ಹ್ಯಾವ್’ ಜೊತೆ ಬರಕೂಡದು. ‘ಐ ಗಾಟ್ ಹಿಮ್ ಟು ಕಮ್’, ಆದರೆ ‘ಐ ಮೇಡ್ ಹಿಮ್ ಕಮ್’. ನಮ್ಮಲ್ಲಿ ‘ಐ ಮೇಡ್ ಹಿಮ್ ಟು ಕಮ್’ ಎಂದು ಹೇಳದವರೇ ಕಡಿಮೆ. ‘ಮೇಕ್’ ಕರ್ಮಣಿಗೆ ತಿರುಗಿದರೆ ಮಾತ್ರ ಆ ‘ಟು’ ವಾಪಸ್ ಬರುತ್ತದೆ: ‘ಹಿ ವಾಸ್ ಮೇಡ್ ಟು ಕಮ್’. ಮೂರಕ್ಕೂ ಬಲಾಬಲ ಬೇರೆ. ‘ಮೇಕ್’ನಲ್ಲಿ ಒತ್ತಾಯವಿದೆ, ‘ಗೆಟ್’ನಲ್ಲಿ ಓಲೈಕೆ, ‘ಹ್ಯಾವ್’ನಲ್ಲಿ ವಹಿಸಿಕೊಟ್ಟು ಮಾಡಿಸಿದ ಸಹಜತೆ.

‘ಐ ಗಾಟ್ ದ ವರ್ಕ್ ಡನ್’ ಎಂಬುದೊಂದು ಇಬ್ಬಂದಿ ವಾಕ್ಯ. ‘ಕೆಲಸ ಮಾಡಿಸಿದೆ’ ಎಂದೂ ಆಗುತ್ತದೆ, ‘ಹೇಗೋ ಮಾಡಿ ಮುಗಿಸಿದೆ’ ಎಂದೂ ಆಗುತ್ತದೆ. ಯಾವುದೆಂದು ಹಿಂದುಮುಂದಿನ ಮಾತಿನಿಂದಲೇ ತಿಳಿಯಬೇಕು.

ಪ್ರ: ‘ಐ ಆಮ್ ಗೆಟ್ಟಿಂಗ್ ಸ್ಲೀಪ್’ ಎಂದರೆ ಮಕ್ಕಳು ನಗುತ್ತಾರೆ. ಇದರಲ್ಲಿ ನಗುವಂಥದ್ದೇನಿದೆ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉ: ನಗುವಂಥದ್ದೇನಿಲ್ಲ. ಕನ್ನಡದ ‘ನನಗೆ ನಿದ್ದೆ ಬರ್ತಿದೆ’ ಎಂಬ ವಾಕ್ಯ ಇಂಗ್ಲಿಷ್ ಬಟ್ಟೆ ಹಾಕಿಕೊಂಡಿದೆ, ಅಷ್ಟೆ. ನಮಗೆ ನಿದ್ದೆ, ಹಸಿವು, ಕೋಪ, ಬೇಸರ ಎಲ್ಲವೂ ಹೊರಗಿಂದ ‘ಬರುವ’ ನಾಮಪದಗಳು. ಇಂಗ್ಲಿಷಿನಲ್ಲಿ ಅವು ಮನುಷ್ಯನ ಸ್ಥಿತಿಯನ್ನು ಹೇಳುವ ಗುಣವಾಚಕಗಳಾಗಬೇಕು. ‘ಗೆಟ್ಟಿಂಗ್’ ಹಾಗೇ ಇರಲಿ, ಮುಂದಿನ ಪದವನ್ನು ಬದಲಿಸಿ. ‘ಸ್ಲೀಪ್’ ಅಲ್ಲ ‘ಸ್ಲೀಪಿ’, ‘ಹಂಗರ್’ ಅಲ್ಲ ‘ಹಂಗ್ರಿ’, ‘ಆಂಗರ್’ ಅಲ್ಲ ‘ಆಂಗ್ರಿ’, ‘ಟೆನ್ಷನ್’ ಅಲ್ಲ ‘ಟೆನ್ಸ್’. ಬೇಸರಕ್ಕೆ ‘ಐ ಆಮ್ ಗೆಟ್ಟಿಂಗ್ ಬೋರ್ಡ್’. ಕೊನೆಯ ‘ಡ್’ ಕಿವಿಗೆ ಬೀಳುವಂತೆ ಹೇಳಿ. ‘ಐ ಆಮ್ ಬೋರಿಂಗ್’ ಎಂದುಬಿಟ್ಟರೆ ‘ನಾನೇ ಬೇಸರ ಹುಟ್ಟಿಸುವ ಆಸಾಮಿ’ ಎಂದು ಒಪ್ಪಿಕೊಂಡ ಹಾಗೆ, ಆಗ ಮಕ್ಕಳು ನಕ್ಕರೆ ಬಯ್ಯುವಂತಿಲ್ಲ.

ಕಾಯಿಲೆಗಳಿಗೆ ಈ ನಿಯಮ ಇಲ್ಲ, ಅಲ್ಲಿ ನಾಮಪದವೇ ಸರಿ: ‘ಐ ಗಾಟ್ ಎ ಕೋಲ್ಡ್’, ‘ಹಿ ಗಾಟ್ ಮಲೇರಿಯಾ’. ‘ನೆನಪಾಯಿತು’ ಎನ್ನಲು ‘ಐ ಗಾಟ್ ರಿಮೆಂಬರ್ಡ್’ ಬೇಡ. ಅಲ್ಲಿ ‘ಗೆಟ್’ಗೆ ಜಾಗವೇ ಇಲ್ಲ, ‘ಐ ರಿಮೆಂಬರ್ಡ್’ ಸಾಕು. ತರಗತಿಯಲ್ಲಿ ‘ಸರ್, ಐ ಗಾಟ್ ಎ ಡೌಟ್’ ಎಂಬುದು ಭಾರತದೊಳಗೆ ನಡೆದುಹೋಗುತ್ತದೆ. ಹೊರದೇಶದ ಕಿವಿಗೆ ‘ಡೌಟ್’ ಎಂದರೆ ನಿಮ್ಮ ಮಾತನ್ನು ನಂಬಲಾರೆ ಎಂಬ ಅನುಮಾನ. ‘ಐ ಹ್ಯಾವ್ ಎ ಕ್ವೆಶ್ಚನ್’ ಎಂದರೆ ಯಾರಿಗೂ ನೋವಿಲ್ಲ.

ಪ್ರ: ಮೈಸೂರು–ಬೆಂಗಳೂರು ರೈಲಿನಲ್ಲಿ ದಿನಾ ಓಡಾಡುತ್ತೇನೆ. ‘ವೇರ್ ಆರ್ ಯು ಗೆಟ್ಟಿಂಗ್ ಡೌನ್?’ ಎಂದು ಕೇಳುವುದು ಸರಿಯೇ?
— ಖಾಸಗಿ ಕಂಪನಿ ಉದ್ಯೋಗಿ, ಮದ್ದೂರು

ಉ: ನಿಮ್ಮ ಬೋಗಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬ್ರಿಟಿಷ್, ಅಮೆರಿಕನ್ ಬಳಕೆ ‘ವೇರ್ ಆರ್ ಯು ಗೆಟ್ಟಿಂಗ್ ಆಫ್?’ ಎಂದು. ‘ಇಳಿ’ ಎಂಬುದನ್ನು ನಾವು ‘ಡೌನ್’ ಮಾಡಿಕೊಂಡಿದ್ದೇವೆ. ಅವರಿಗೆ ‘ಗೆಟ್ ಡೌನ್’ ಮರದಿಂದಲೋ ಏಣಿಯಿಂದಲೋ ಇಳಿಯುವುದು, ಇಲ್ಲವೇ ತಲೆ ಬಗ್ಗಿಸಿ ಕೆಳಗೆ ಕೂರುವುದು.

ಯಾವ ವಾಹನಕ್ಕೆ ಯಾವ ಪದ ಎಂಬುದಕ್ಕೆ ಸುಲಭದ ಗುರುತು ಇದೆ. ಒಳಗೆ ನೆಟ್ಟಗೆ ನಿಂತು ನಡೆದಾಡುವಂತಿದ್ದರೆ ‘ಗೆಟ್ ಆನ್, ಗೆಟ್ ಆಫ್’: ಬಸ್ಸು, ರೈಲು, ವಿಮಾನ, ಹಡಗು. ಬಗ್ಗಿ ಒಳಗೆ ತೂರಿಕೊಳ್ಳಬೇಕಾದರೆ ‘ಗೆಟ್ ಇನ್, ಗೆಟ್ ಔಟ್ ಆಫ್’: ಕಾರು, ಆಟೊ, ಟ್ಯಾಕ್ಸಿ. ಮೇಲೆ ಹತ್ತಿ ಕೂರುವ ಸೈಕಲ್, ಬೈಕ್, ಕುದುರೆಗೆ ಮತ್ತೆ ‘ಆನ್, ಆಫ್’.

ತಲುಪುವ ವಿಚಾರದಲ್ಲೂ ಹುಷಾರು. ‘ಮಂಡ್ಯಕ್ಕೆ ತಲುಪಿದೆ’ ಎನ್ನುವ ನಮ್ಮ ‘-ಕ್ಕೆ’ ಪ್ರತ್ಯಯ ಸುಮ್ಮನೆ ಒಂದು ‘ಟು’ ತಂದು ‘ಐ ರೀಚ್ಡ್ ಟು ಮಂಡ್ಯ’ ಮಾಡಿಸುತ್ತದೆ. ‘ರೀಚ್’ ಜೊತೆ ಏನೂ ಬೇಡ, ‘ಗೆಟ್’ ಜೊತೆ ‘ಟು’ ಬೇಕು, ‘ಅರೈವ್’ ಜೊತೆ ದೊಡ್ಡ ಊರಿಗೆ ‘ಇನ್’, ನಿಲ್ದಾಣದಂಥ ಜಾಗಕ್ಕೆ ‘ಅಟ್’. ‘ಐ ಗಾಟ್ ಟು ಮಂಡ್ಯ ಅಟ್ ನೈನ್.’ ಆದರೆ ಮನೆ, ಇಲ್ಲಿ, ಅಲ್ಲಿ ಎಂಬ ಮೂರರ ಹಿಂದೆ ‘ಗೆಟ್’ ಕೂಡ ‘ಟು’ ಬಿಡುತ್ತದೆ: ‘ಐ ಗಾಟ್ ಹೋಮ್’, ‘ಗೆಟ್ ಹಿಯರ್ ಬೈ ಫೈವ್’, ‘ಹೌ ಡು ಐ ಗೆಟ್ ದೇರ್?’

ಪ್ರ: ‘ಮೈಸೂರು ವಿಶ್ವವಿದ್ಯಾನಿಲಯ ಗಾಟ್ ಫೌಂಡೆಡ್ ಇನ್ 1916’ ಎಂದು ಪ್ರಬಂಧದಲ್ಲಿ ಬರೆದಿದ್ದೆ. ‘ಗಾಟ್’ ಹೊಡೆದುಹಾಕಿ ‘ವಾಸ್’ ಮಾಡಿದ್ದಾರೆ. ಎರಡೂ ಕರ್ಮಣಿ ಪ್ರಯೋಗವೇ ಅಲ್ಲವೆ?
— ಬಿ.ಎ. ವಿದ್ಯಾರ್ಥಿ, ಮೈಸೂರು

ಉ: ಎರಡೂ ಕರ್ಮಣಿಯೇ, ಆದರೆ ಸ್ವಭಾವ ಬೇರೆ. ‘ಗಾಟ್’ ಹಾಕಿದ ಕರ್ಮಣಿ ಆಡುಮಾತಿನದು. ಇದ್ದಕ್ಕಿದ್ದಂತೆ ಒಬ್ಬರಿಗೆ ಏನೋ ಆಗಿಬಿಟ್ಟಿತು, ಒಳ್ಳೆಯದೋ ಕೆಟ್ಟದ್ದೋ ತಗುಲಿತು ಎನ್ನುವಾಗ ಅದು ಚೆನ್ನ. ‘ಹಿ ಗಾಟ್ ಹರ್ಟ್’, ‘ಶಿ ಗಾಟ್ ಸೆಲೆಕ್ಟೆಡ್’, ‘ದ ಬಸ್ ಗಾಟ್ ಸ್ಟಕ್ ಇನ್ ದ ದಸರಾ ಕ್ರೌಡ್’. ಯೋಚಿಸಿ, ಯೋಜನೆ ಹಾಕಿ ಮಾಡಿದ ಕೆಲಸಕ್ಕೆ, ಅದರಲ್ಲೂ ಚರಿತ್ರೆ ಬರೆಯುವಾಗ, ‘ವಾಸ್’ ಬಳಸಿ: ವಿಶ್ವವಿದ್ಯಾನಿಲಯ ‘ವಾಸ್ ಫೌಂಡೆಡ್’, ಕನ್ನಂಬಾಡಿ ಕಟ್ಟೆ ‘ವಾಸ್ ಬಿಲ್ಟ್’. ತಿಳಿದಿರು, ಪ್ರೀತಿಸು, ನಂಬು ಮುಂತಾಗಿ ಸ್ಥಿತಿ ಹೇಳುವ ಕ್ರಿಯಾಪದಗಳಿಗೂ ‘ಗಾಟ್’ ಒಗ್ಗುವುದಿಲ್ಲ. ‘ದ ಆನ್ಸರ್ ಗಾಟ್ ನೋನ್ ಬೈ ಎವ್ರಿಒನ್’ ಎಂದು ಯಾರೂ ಬರೆಯರು.

ಪ್ರಶ್ನೆ ಮಾಡುವಾಗಲೂ ದಾರಿ ಬೇರೆಯಾಗುತ್ತದೆ. ‘ವಾಸ್ ಹಿ ಸೆಲೆಕ್ಟೆಡ್?’ ಎಂದು ‘ವಾಸ್’ ಮುಂದಕ್ಕೆ ಬರುತ್ತದೆ, ‘ಗಾಟ್’ ಹಾಗೆ ಬರಲಾರದು. ಅದಕ್ಕೆ ‘ಡಿಡ್’ ಬೇಕು, ‘ಡಿಡ್’ ಬಂದಮೇಲೆ ‘ಗಾಟ್’ ಮತ್ತೆ ‘ಗೆಟ್’ ಆಗಬೇಕು: ‘ಡಿಡ್ ಹಿ ಗೆಟ್ ಸೆಲೆಕ್ಟೆಡ್?’ ‘ಡಿಡ್ ಯು ಗಾಟ್’ ಎನ್ನುವುದು ಪರೀಕ್ಷೆಯಲ್ಲಿ ಸೀದಾ ಅಂಕ ಕಳೆಯುವ ತಪ್ಪು.

ಪ್ರ: ‘ಐ ಗಾಟ್’, ‘ಐ ಹ್ಯಾವ್ ಗಾಟ್’, ‘ಐ ಹ್ಯಾವ್ ಗಾಟ್ ಟು’, ಇವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಹೇಗೆ? ಮೊಬೈಲು ‘ಗಾಟನ್’ ಎಂದು ಬೇರೆ ಸೂಚಿಸುತ್ತದೆ.
— ಪ್ರೌಢಶಾಲಾ ಶಿಕ್ಷಕಿ, ತಿ. ನರಸೀಪುರ

ಉ: ‘ಐ ಗಾಟ್ ಟೂ ಟಿಕೆಟ್ಸ್’: ಎರಡು ಟಿಕೆಟ್ ಸಿಕ್ಕಿತು, ಅದು ಹಿಂದೆ ನಡೆದ ಘಟನೆ. ‘ಐ ಹ್ಯಾವ್ ಗಾಟ್ ಟೂ ಟಿಕೆಟ್ಸ್’: ಈಗ ನನ್ನ ಹತ್ತಿರ ಎರಡು ಟಿಕೆಟ್ ಇವೆ. ರೂಪ ನೋಡಿದರೆ ‘ಪಡೆದಿದ್ದೇನೆ’ ಅನಿಸುತ್ತದೆ, ಆದರೆ ಇದು ‘ಹ್ಯಾವ್’ ಒಂದೇ ಹೇಳುವ ಅರ್ಥವನ್ನೇ ಹೇಳುತ್ತದೆ. ಇದು ವರ್ತಮಾನಕ್ಕೆ ಮಾತ್ರ ಹೊಂದುತ್ತದೆ. ‘ನನಗೆ ಆಗ ಒಂದು ಸೈಕಲ್ ಇತ್ತು’ ಎನ್ನಲು ‘ಐ ಹ್ಯಾಡ್ ಎ ಸೈಕಲ್’ ಸಾಕು, ‘ಹ್ಯಾಡ್ ಗಾಟ್’ ಬೇಡ. ‘ಐ ಹ್ಯಾವ್ ಗಾಟ್ ಟು ಗೋ’: ಹೋಗಲೇಬೇಕು. ಅದರಿಂದ ‘ಹ್ಯಾವ್’ ಕಿತ್ತು ‘ಐ ಗಾಟ್ ಟು ಗೋ’ ಎಂದು ಬರೆದರೆ ಹೋಗುವ ಅವಕಾಶ ಸಿಕ್ಕಿತು ಎಂದಾಗುತ್ತದೆ. ಸಿನಿಮಾಗಳಲ್ಲಿ ಕೇಳುವ ‘ಗಾಟಾ ಗೋ’ ಎಂಬುದು ಮೊದಲನೆಯದರ ಆಡುಮಾತಿನ ರೂಪ, ಬರವಣಿಗೆಯಲ್ಲಿ ದೂರವಿಡಿ.

‘ಗಾಟನ್’ ಅಮೆರಿಕದವರ ಮೂರನೇ ರೂಪ. ಅವರು ‘ಹ್ಯಾಸ್ ಗಾಟನ್ ಕೋಲ್ಡ್’ ಎಂದರೆ ತಣ್ಣಗಾಗಿದೆ ಎಂದರ್ಥ, ಹತ್ತಿರ ಇರುವುದನ್ನು ಹೇಳಲು ಅವರೂ ‘ಹ್ಯಾವ್ ಗಾಟ್’ ಎನ್ನುತ್ತಾರೆ. ನಮ್ಮ ಪಠ್ಯಗಳು ಹಿಡಿದಿರುವುದು ಬ್ರಿಟಿಷ್ ದಾರಿ, ಆದ್ದರಿಂದ ಮಕ್ಕಳು ‘ಗೆಟ್, ಗಾಟ್, ಗಾಟ್’ ಎಂದೇ ಕಲಿಯಲಿ. ‘ಫರ್ಗಾಟನ್’ ಮಾತ್ರ ಎರಡೂ ಕಡೆ ಇದೆ. ಮೊಬೈಲಿನಲ್ಲಿ ಕೀಬೋರ್ಡಿನ ಭಾಷೆಯನ್ನು ಬ್ರಿಟನ್ ಅಥವಾ ಭಾರತದ ಇಂಗ್ಲಿಷಿಗೆ ಬದಲಿಸಿ ನೋಡಿ, ಸೂಚನೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರ: ‘ಗೆಟ್ ಮ್ಯಾರೀಡ್ ವಿತ್’ ಸರಿಯೆ?
— ಹುಣಸೂರು

ಉ: ‘ಜೊತೆ’ ಎಂಬ ನಮ್ಮ ಪದ ಆ ‘ವಿತ್’ ತಂದಿದೆ. ‘ಟು’ ಹಾಕಿ: ‘ಶಿ ಗಾಟ್ ಮ್ಯಾರೀಡ್ ಟು ಎ ಟೀಚರ್’. ‘ಗೆಟ್’ ಬಿಟ್ಟರೆ ‘ಟು’ ಕೂಡ ಬೇಡ: ‘ಶಿ ಮ್ಯಾರೀಡ್ ಎ ಟೀಚರ್’.

ಪ್ರ: ‘ಐ ಯೂಸ್ಡ್ ಟು ವೇಕ್ ಅಪ್ ಅಟ್ ಫೈವ್’ ಎಂದು ಸಂದರ್ಶನದಲ್ಲಿ ಹೇಳಿದೆ. ‘ಈಗ ಏಕೆ ನಿಲ್ಲಿಸಿದಿರಿ?’ ಎಂದು ಕೇಳಿದರು! ‘ಗೆಟ್ ಯೂಸ್ಡ್ ಟು’ ಎಂಬುದೂ ಇದೆಯಲ್ಲ, ಅದೇನು?
— ಉದ್ಯೋಗಾಕಾಂಕ್ಷಿ, ಕೆ.ಆರ್. ನಗರ

ಉ: ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ‘ಯೂಸ್ಡ್ ಟು’ ಎಂದರೆ ಹಿಂದೆ ಮಾಡುತ್ತಿದ್ದೆ, ಈಗ ಇಲ್ಲ. ಈಗಲೂ ಐದಕ್ಕೆ ಏಳುವವರು ‘ಐ ವೇಕ್ ಅಪ್ ಅಟ್ ಫೈವ್’ ಎಂದಷ್ಟೇ ಹೇಳಬೇಕು. ‘ಗೆಟ್ ಯೂಸ್ಡ್ ಟು’ ಎಂದರೆ ರೂಢಿಯಾಗು, ಒಗ್ಗಿಕೊ. ಅದಾದ ಮೇಲೆ ನಾಮಪದವೋ ‘-ಇಂಗ್’ ರೂಪವೋ ಬರಬೇಕು. ‘ಐ ಗಾಟ್ ಯೂಸ್ಡ್ ಟು ವೇಕಿಂಗ್ ಅಪ್ ಅಟ್ ಫೈವ್.’ ಒಗ್ಗುತ್ತಿರುವ ಹಂತದಲ್ಲಿದ್ದರೆ ‘ಐ ಆಮ್ ಗೆಟ್ಟಿಂಗ್ ಯೂಸ್ಡ್ ಟು ಇಟ್’, ಒಗ್ಗಿ ಹೋಗಿದ್ದರೆ ‘ಐ ಆಮ್ ಯೂಸ್ಡ್ ಟು ಇಟ್’. ಈ ಕೊನೆಯದರಲ್ಲಿ ‘ಆಮ್’ ನುಂಗಿದರೆ ವಾಕ್ಯ ಮತ್ತೆ ಹಳೆಯ ಗುಂಡಿಗೆ ಬೀಳುತ್ತದೆ.

ಪ್ರ: ಕಾಲ್ ಸೆಂಟರ್ ತರಬೇತಿಯಲ್ಲಿದ್ದೇನೆ. ಫೋನಿನಲ್ಲಿ ‘ಆರ್ ಯು ಗೆಟ್ಟಿಂಗ್ ಮಿ?’ ಎನ್ನಬೇಡಿ ಎನ್ನುತ್ತಾರೆ. ಫೋನಿಗೆ ಬೇಕಾದ ‘ಗೆಟ್’ ಜೋಡಿಗಳನ್ನು ತಿಳಿಸಿ.
— ಹೆಬ್ಬಾಳು, ಮೈಸೂರು

ಉ: ‘ತಿಳಿಯಿತೇ’ ಎಂಬ ಅರ್ಥದ ‘ಗೆಟ್’ ಸಾಮಾನ್ಯವಾಗಿ ‘-ಇಂಗ್’ ರೂಪಕ್ಕೆ ಹೋಗುವುದಿಲ್ಲ. ‘ಐ ಗೆಟ್ ಇಟ್’, ‘ಐ ಡೋಂಟ್ ಗೆಟ್ ಇಟ್’ ಸರಿ. ಗ್ರಾಹಕರಿಗೆ ‘ಡಿಡ್ ಯು ಗೆಟ್ ಇಟ್?’ ಎಂದರೆ ಗದರಿಸಿದ ಹಾಗೆ ಕೇಳಿಸಬಹುದು. ದನಿ ಕೇಳಿಸುತ್ತಿದೆಯೇ ಎನ್ನಲು ‘ಕ್ಯಾನ್ ಯು ಹಿಯರ್ ಮಿ?’, ಅರ್ಥವಾಯಿತೇ ಎನ್ನಲು ‘ಈಸ್ ದಟ್ ಕ್ಲಿಯರ್?’ ಸೌಮ್ಯ.

‘ಗೆಟ್ ಥ್ರೂ’: ಫೋನ್ ಸಂಪರ್ಕ ಸಿಗು. ‘ಐ ಕುಡ್‌ಂಟ್ ಗೆಟ್ ಥ್ರೂ’ ಎಂದರೆ ಲೈನ್ ಸಿಗಲಿಲ್ಲ. ಯಾರಿಗೆ ಎಂದು ಹೇಳಬೇಕಾದರೆ ಇನ್ನೊಂದು ‘ಟು’: ‘ಗೆಟ್ ಥ್ರೂ ಟು ದ ಮ್ಯಾನೇಜರ್’. ‘ಗೆಟ್ ಹೋಲ್ಡ್ ಆಫ್’: ಎಲ್ಲೆಲ್ಲೋ ಹುಡುಕಿ ಆಸಾಮಿಯನ್ನು ಹಿಡಿ. ‘ಗೆಟ್ ಬ್ಯಾಕ್ ಟು’: ವಿಚಾರಿಸಿ ಮತ್ತೆ ತಿಳಿಸು. ‘ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಫೋರ್’. ‘ಟು’ ಬಿಟ್ಟು ‘ಐ ವಿಲ್ ಗೆಟ್ ಬ್ಯಾಕ್’ ಎಂದರೆ ವಾಪಸ್ ಬರುತ್ತೇನೆ ಅಥವಾ ಹಿಂದೆ ಸರಿಯುತ್ತೇನೆ ಎಂದಾಗುತ್ತದೆ. ‘ಪ್ಲೀಸ್ ರಿವರ್ಟ್’ ಎಂಬ ನಮ್ಮ ಕಚೇರಿ ಇಂಗ್ಲಿಷಿಗೂ ಇದೇ ಒಳ್ಳೆಯ ಬದಲಿ.

‘ಗೆಟ್ ಅಕ್ರಾಸ್’: ಹೇಳಬೇಕಾದ್ದು ಎದುರಿನವರಿಗೆ ಮುಟ್ಟುವಂತೆ ಹೇಳು. ವಸ್ತುವನ್ನು ನಡುವೆ ಇಟ್ಟರೆ ಚೆನ್ನ: ‘ಗೆಟ್ ದ ಮೆಸೇಜ್ ಅಕ್ರಾಸ್’. ‘ಗೆಟ್ ಓವರ್’ ಹಾಗಲ್ಲ, ಅದನ್ನು ಒಡೆಯಬಾರದು. ‘ಗೆಟ್ ಓವರ್ ಇಟ್’ ಎಂದರೆ ಆ ದುಃಖದಿಂದಲೋ ಕಾಯಿಲೆಯಿಂದಲೋ ಚೇತರಿಸಿಕೊ. ಒಡೆದು ‘ಗೆಟ್ ಇಟ್ ಓವರ್ ವಿತ್’ ಎಂದರೆ ಅರ್ಥವೇ ಬೇರೆ: ಆ ಬೇಡದ ಕೆಲಸವನ್ನು ಬೇಗ ಮುಗಿಸಿಬಿಡು. ನೊಂದ ಗ್ರಾಹಕರಿಗೆ ಇವೆರಡನ್ನೂ ಹೇಳಬೇಡಿ. ‘ಗೆಟ್ ಬೈ’: ಹೇಗೋ ನಿಭಾಯಿಸು. ‘ಗೆಟ್ ಅಲಾಂಗ್ ವಿತ್’: ಹೊಂದಿಕೊಂಡು ಹೋಗು. ‘ಗೆಟ್ ಅವೇ ವಿತ್’: ತಪ್ಪು ಮಾಡಿಯೂ ಶಿಕ್ಷೆ ತಪ್ಪಿಸಿಕೊ. ‘ಅಲಾಂಗ್’ ಜಾಗದಲ್ಲಿ ‘ಅವೇ’ ಬಂದರೆ ಸ್ನೇಹಿತ ಅಪರಾಧಿಯಾಗುತ್ತಾನೆ.

ಪ್ರ: ಕೆಲಸದ ಅರ್ಜಿಯಲ್ಲಿ ‘ಗೆಟ್’ ಬಳಸಬಹುದೆ?
— ನಂಜನಗೂಡು

ಉ: ಕಡಿಮೆ ಬಳಸಿ. ‘ಐ ಗಾಟ್ ಯುವರ್ ಲೆಟರ್’ ಬದಲು ‘ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್’. ‘ಐ ಗಾಟ್ ಫಸ್ಟ್ ಕ್ಲಾಸ್’ ಬದಲು ‘ಐ ಸೆಕ್ಯೂರ್ಡ್ ಎ ಫಸ್ಟ್ ಕ್ಲಾಸ್’. ‘ಐ ಆಮ್ ಗೆಟ್ಟಿಂಗ್ 18,000 ಸ್ಯಾಲರಿ’ ಬದಲು ‘ಮೈ ಪ್ರೆಸೆಂಟ್ ಸ್ಯಾಲರಿ ಈಸ್ 18,000 ರುಪೀಸ್ ಎ ಮಂತ್’. ಹಾಗೆಂದು ಸಿಕ್ಕಲ್ಲೆಲ್ಲ ‘ಆಬ್ಟೇನ್’ ತುರುಕಬೇಡಿ. ‘ಐ ಆಬ್ಟೇನ್ಡ್ ಎ ಬಸ್’ ಎಂದರೆ ಬಸ್ಸನ್ನೇ ಕೊಂಡ ಹಾಗೆ.

ಪ್ರ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಕ್ರಿಯಾಪದ ‘ಗೆಟ್’ ತಾನೆ?
— ರಸಪ್ರಶ್ನೆ ಆಸಕ್ತ, ಮಂಡ್ಯ

ಉ: ಅಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಪದದ್ದು. ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಹಳೆಯ ಪ್ರಶ್ನೆಪುಸ್ತಕಗಳಲ್ಲಿ ಇನ್ನೂ ‘ಸೆಟ್’ ಎಂದೇ ಇರುತ್ತದೆ, ಯಾವ ಆವೃತ್ತಿ ಎಂದು ಕೇಳಿಕೊಂಡು ಉತ್ತರಿಸಿ. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ, ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ಜೊತೆಗೆ. ‘ಫರ್ಗೆಟ್’ ಪದದಲ್ಲಿರುವುದು ಇದರದೇ ದಾಯಾದಿ ಬೇರು.

ಪ್ರ: ‘ನಾಯಕನ ಹೊಸ ಗೆಟಪ್’ ಎಂದು ಸಿನಿಮಾ ಪುಟದಲ್ಲಿ ಬರೆಯುತ್ತಾರೆ. ‘ಗೆಟ್ ಅಪ್’ ಎಂದರೆ ‘ಏಳು’ ಅಲ್ಲವೆ?
— ಚನ್ನಪಟ್ಟಣ (ಹುಟ್ಟೂರು ಮಂಡ್ಯ ಎಂದು ಬರೆದಿದ್ದಾರೆ, ಆದ್ದರಿಂದ ಸೇರಿಸಿಕೊಂಡೆವು)

ಉ: ಕ್ರಿಯಾಪದವಾದರೆ ‘ಏಳು’, ಒತ್ತು ‘ಅಪ್’ ಮೇಲೆ. ನಾಮಪದವಾದರೆ ವೇಷ, ಒತ್ತು ‘ಗೆಟ್’ ಮೇಲೆ. ಇಂಗ್ಲಿಷರ ಬಾಯಲ್ಲಿ ಆ ನಾಮಪದಕ್ಕೆ ಸ್ವಲ್ಪ ಲೇವಡಿಯ ಧಾಟಿ ಇದೆ, ‘ಇದೇನಿದು ಅವತಾರ’ ಎಂಬ ಹಾಗೆ. ಕನ್ನಡದ ‘ಗೆಟಪ್’ಗೆ ಆ ಲೇವಡಿ ಇಲ್ಲ. ಹಾಗಾಗಿ ಇಂಗ್ಲಿಷ್ ಮಾತಾಡುವ ಅತಿಥಿಯ ಉಡುಪು ಮೆಚ್ಚಿಕೊಂಡು ‘ನೈಸ್ ಗೆಟಪ್’ ಎನ್ನಬೇಡಿ, ‘ನೈಸ್ ಔಟ್‌ಫಿಟ್’ ಎನ್ನಿ.